ಮುಳ್ಳುತಂತಿಗೆ ಒಂದು ತೊಂಡೆ ಬಳ್ಳಿ ಹಬ್ಬಿಸಿ

ಹೋದ ತಿಂಗಳು ಕೊಟ್ಟೂರಿನ ಗೆಳೆಯನೊಬ್ಬ ವಾಟ್ಸಾಪಿನಲ್ಲಿ ಒಂದು ವಿಡಿಯೊ ಕಳಿಸಿದ. ಅಮೆರಿಕದ ಯಾವುದೋ ಮನೆಯ ಹಿತ್ತಲು. ಬೇಲಿ ತುಂಬಾ ಕೊಳವೆಯಂಥ ಕೆಂಪು ಹೂವು. ಹೆಬ್ಬೆರಳಿನಷ್ಟಿರುವ ಹಕ್ಕಿಯೊಂದು ಗಾಳಿಯಲ್ಲಿ ನಿಂತಲ್ಲೇ ನಿಂತು ಮಕರಂದ ಹೀರುತ್ತಿತ್ತು. ಕೆಳಗೆ ಗೆಳೆಯನ ಪ್ರಶ್ನೆ: ‘ಇದು ಹನಿಸಕಲ್ ಬಳ್ಳಿಯಂತೆ. ಆನ್‌ಲೈನ್‌ನಾಗ ಬೀಜ ಸಿಗ್ತೈತಿ. ನಮ್ಮ ಮನಿ ಮುಂದ ಹಾಕಿದ್ರ ಬರ್ತೈತೇನು?’

ಬಳ್ಳಿ ಬಂದರೂ ಆ ಹಕ್ಕಿ ಬರೋದಿಲ್ಲಪ್ಪ ಎಂದೆ. ಹಮ್ಮಿಂಗ್‌ಬರ್ಡ್ ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ. ಆದರೆ ಅಲ್ಲಿನವರಿಂದ ಕಲಿಯುವ ಪಾಠ ಒಂದಿದೆ. ಹಿಂದೆ ಅವರು ಚೆಂದಕ್ಕೆಂದು ಜಪಾನಿನ ಹನಿಸಕಲ್ ತಂದು ನೆಟ್ಟರು. ಅದು ಕಾಡಿಗೆ ನುಗ್ಗಿ ಅಲ್ಲಿನ ಗಿಡಗಂಟಿಗಳನ್ನೇ ಮುಚ್ಚಿಹಾಕಿತು. ಈಗ ಅಲ್ಲಿನ ತಿಳಿದವರು ‘ಪರದೇಶದ್ದು ಬೇಡ, ನಮ್ಮ ನೆಲದ ಕೆಂಪು ಹನಿಸಕಲ್ಲನ್ನೇ ನೆಡಿ, ನಮ್ಮ ಹಕ್ಕಿಗೆ ಅದೇ ಬೇಕು’ ಎನ್ನುತ್ತಾರೆ.

ಈ ಮಾತು ನಮಗೂ ಸಲ್ಲುತ್ತದೆ. ನಮ್ಮ ಹಳೆಯ ಜಿಲ್ಲೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ ನಮ್ಮದಲ್ಲ, ಅಮೆರಿಕ ಖಂಡದಿಂದ ಬಂದದ್ದು. ಮನೆ ಮುಂದಿನ ಕಾಗದದ ಹೂವೂ ಅಲ್ಲಿಯದೇ. ಹಾಗಾದರೆ ನಮ್ಮ ಬೇಲಿಯ ಬಳ್ಳಿ ಯಾವುದು?

ನನ್ನ ಉತ್ತರ: ಕಾಡುತೊಂಡೆ. ಕೆಲವರು ಕಾಗೆತೊಂಡೆ ಎನ್ನುತ್ತಾರೆ. ಬಿಳಿ ಹೂವು, ಹಸಿರು ಕಾಯಿ, ಹಣ್ಣಾದರೆ ಕಡುಕೆಂಪು. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಕಳ್ಳಿ ಬೇಲಿ, ಹಾಳುಗೋಡೆ ಎಲ್ಲಿದ್ದರೂ ಕೇಳದೆ ಹಬ್ಬುವ ಬಳ್ಳಿ. ಕೇಳದೆ ಬರುತ್ತದೆ ಅಂತಲೇ ನಾವು ಅದನ್ನು ಕಳೆ ಎಂದು ಕಿತ್ತು ಹಾಕುತ್ತೇವೆ.

ನಾನೂ ಕಿತ್ತವನೇ. ಐದು ವರ್ಷದ ಹಿಂದೆ ನಮ್ಮ ಹೊಲದ ಸುತ್ತ ಅಪ್ಪ ಹಾಕಿದ್ದ ಕಳ್ಳಿ ಬೇಲಿ ಇತ್ತು. ಅದರ ಮೇಲೆ ತೊಂಡೆ, ಅಮೃತಬಳ್ಳಿ, ಹೆಸರು ಗೊತ್ತಿಲ್ಲದ ಇನ್ನೆಷ್ಟೋ ಬಳ್ಳಿ. ಜೆಸಿಬಿ ಕರೆಸಿ ಒಂದೇ ದಿನದಲ್ಲಿ ಎಲ್ಲ ತೆಗೆಸಿ, ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಸಿದೆ. ನಾಲ್ಕು ಅಡಿ ಜಾಗ ಉಳಿಯಿತು ಎಂದು ಲೆಕ್ಕ ಹಾಕಿ ಖುಷಿಪಟ್ಟೆ. ಮುಂದಿನ ವರ್ಷ ಅವ್ವ ಬದುವಿನ ಮೇಲೆ ಕೂತು ರೊಟ್ಟಿ ತಿನ್ನುತ್ತಾ, ‘ಹೊಲ ಮೂಕಾಗೈತಲ್ಲೋ’ ಎಂದಳು. ಪಿಕಳಾರ ಇಲ್ಲ, ಕೋಗಿಲೆ ಇಲ್ಲ, ಜೇನಿನ ಗುಂಯ್‌ಗುಡುವಿಕೆ ಇಲ್ಲ. ನನಗೆ ಅವಳು ಹೇಳುವವರೆಗೂ ಗೊತ್ತಾಗಿರಲಿಲ್ಲ.

ಇದು ಬರೀ ಚೆಂದದ ಮಾತಲ್ಲ, ಫಸಲಿನ ಮಾತು. ನಮ್ಮ ಕಡೆ ಈಗ ಎಲ್ಲಿ ನೋಡಿದರೂ ಮೆಕ್ಕೆಜೋಳ. ಅದರ ಪರಾಗಕ್ಕೆ ಗಾಳಿ ಸಾಕು. ಆದರೆ ಸೂರ್ಯಕಾಂತಿ ತೆನೆ ಜೊಳ್ಳಾಗದೆ ತುಂಬಬೇಕಾದರೆ ಜೇನು ಬೇಕು. ಈರುಳ್ಳಿ ಬೀಜ ಮಾಡುವವರಿಗೂ ಬೇಕು. ಕುಂಬಳ, ಸೌತೆ, ಕಲ್ಲಂಗಡಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹುಳ ಬಂದು ಮುಟ್ಟದಿದ್ದರೆ ಕಾಯಿ ಕಟ್ಟುವುದಿಲ್ಲ. ಸೂರ್ಯಕಾಂತಿ ಹೂ ಬಿಡುವುದು ಕೆಲವೇ ವಾರ. ಉಳಿದ ತಿಂಗಳು ಜೇನು ಏನು ತಿನ್ನಬೇಕು? ಅದಕ್ಕೆ ಅನ್ನ ಹಾಕುತ್ತಿದ್ದದ್ದು ಬೇಲಿ ಮತ್ತು ಬದು. ಬೇಲಿಗೆ ಜೆಸಿಬಿ ಬಂತು, ಬದುವಿಗೆ ಕಳೆನಾಶಕ ಬಂತು. ಆಮೇಲೆ ‘ಯಾಕೋ ತೆನೆ ತುಂಬ್ಲಿಲ್ಲ’ ಎಂದು ಬೀಜದ ಅಂಗಡಿಯವನ ಜೊತೆ ಜಗಳ.

ಹೂವಿನ ಹಡಗಲಿಯನ್ನೇ ನೋಡಿ. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಂದ ತುಂಗಭದ್ರೆಯ ಮೇಲೆ ಹಂಪಿಗೆ ಹೂ ಹೋಗುತ್ತಿತ್ತು ಎಂಬ ಮಾತು ಊರಿನ ಹೆಸರಿನ ಜೊತೆಗೇ ಇದೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಇದೆ. ಆದರೆ ಮಲ್ಲಿಗೆಯನ್ನು ಬೆಳಗಿನ ಜಾವ ಮೊಗ್ಗಿದ್ದಾಗಲೇ ಬಿಡಿಸುತ್ತಾರೆ. ಅರಳಿದರೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಎಕರೆಗಟ್ಟಲೆ ಹೂವಿನ ತೋಟದಲ್ಲಿ ಹುಳಕ್ಕೆ ಸಿಗುವ ಅರಳಿದ ಹೂವು ಅಳಿದುಳಿದದ್ದು ಮಾತ್ರ. ಬೆಳೆಗಾರರನ್ನು ದೂರುವ ಮಾತಲ್ಲ ಇದು, ಅವರ ಹೊಟ್ಟೆಪಾಡು ಆ ಮೊಗ್ಗಿನಲ್ಲೇ ಇದೆ. ಹಾಗಾಗಿಯೇ ತೋಟದ ಅಂಚಿನಲ್ಲಾದರೂ ಹುಳಕ್ಕೆಂದು ಒಂದಿಷ್ಟು ಹೂವು ಬಿಡಿ ಎನ್ನುತ್ತೇನೆ.

ಬೆಳೆಸುವುದು ಸುಲಭ. ಮುಂಗಾರಿನ ಮೊದಲ ಹದ ಮಳೆ ಬಿದ್ದ ಮೇಲೆ ಪೆನ್ಸಿಲ್ ದಪ್ಪದ ಬಲಿತ ಬಳ್ಳಿ ಆರಿಸಿ. ಒಂದು ಗೇಣು ಉದ್ದ, ನಾಲ್ಕು ಗಿಣ್ಣು ಇರಲಿ. ಎರಡು ಗಿಣ್ಣು ಮಣ್ಣೊಳಗೆ, ಎರಡು ಮೇಲೆ. ತಂತಿಯ ಬುಡದಲ್ಲೇ ನೆಡಿ. ತೊಂಡೆಯಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಹೂವಿನ ಹಿಂದೆ ಪುಟ್ಟ ಕಾಯಿಯಂಥ ಉಬ್ಬು ಇದ್ದರೆ ಹೆಣ್ಣು, ಬರೀ ತೊಟ್ಟಿದ್ದರೆ ಗಂಡು. ಎರಡೂ ಇದ್ದರೆ ಕಾಡುತೊಂಡೆಯಲ್ಲಿ ಹಣ್ಣು ಚೆನ್ನಾಗಿ ಕಟ್ಟುತ್ತದೆ, ಹಕ್ಕಿ ಬರುತ್ತವೆ. ಮೊದಲ ವರ್ಷ ಮೇಕೆ ಬಾಯಿ ಹಾಕದಂತೆ ಜಾಲಿ ಮುಳ್ಳು ಮುಚ್ಚಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕಿ. ಆಮೇಲೆ ಬೇರು ಗಡ್ಡೆ ಕಟ್ಟುತ್ತದೆ. ಬಿಸಿಲಿಗೆ ಮೇಲಿನ ಬಳ್ಳಿ ಒಣಗಿದರೂ ಮಳೆ ಬಿದ್ದ ಕೂಡಲೇ ಚಿಗುರುತ್ತದೆ. ನಮ್ಮ ಕೆಂಪು ಮಣ್ಣಿಗೆ, ಕೈಕೊಡುವ ಮಳೆಗೆ ಇದಕ್ಕಿಂತ ಹೊಂದುವ ಬಳ್ಳಿ ಕಡಿಮೆ.

ಎಚ್ಚರಿಕೆ ಮಾತೂ ಹೇಳಬೇಕು. ಮಿಡಿಸೌತೆ, ಕಲ್ಲಂಗಡಿ ಬೆಳೆಯುವ ಹೊಲದ ಪಕ್ಕ ತೊಂಡೆ ಬೇಡ. ಬಳ್ಳಿ ತರಕಾರಿಗೆ ಬರುವ ಹಣ್ಣುನೊಣ ತೊಂಡೆಯಲ್ಲೂ ಮೊಟ್ಟೆ ಇಡುತ್ತದೆ. ದಾಳಿಂಬೆ ತೋಟ ಇದ್ದವರು ಅಮೃತಬಳ್ಳಿಯನ್ನು ದೂರ ಇಡಿ. ರಾತ್ರಿ ಬಂದು ಹಣ್ಣಿನ ರಸ ಹೀರುವ ಪತಂಗದ ಮರಿಗಳು ಬೆಳೆಯುವುದು ಅದರ ಎಲೆ ತಿಂದು. ವರ್ಷಕ್ಕೊಮ್ಮೆ ಬಳ್ಳಿ ಸವರಿ, ಎಳೆಯ ಮಾವಿನ ಗಿಡಕ್ಕೆ ಹತ್ತಲು ಬಿಡಬೇಡಿ. ಇದೇ ತೊಂಡೆ ಹವಾಯಿ ದ್ವೀಪಗಳಿಗೆ ಹೋಗಿ ಅಲ್ಲಿ ಮರಗಳನ್ನೇ ಮುಚ್ಚುವ ಕಳೆಯಾಗಿದೆ. ನಮಗೆ ಬಳ್ಳಾರಿ ಜಾಲಿ ಹೇಗೋ ಅವರಿಗೆ ನಮ್ಮ ತೊಂಡೆ ಹಾಗೆ.

ಚಿಟ್ಟೆ ಬೇಕೆನ್ನುವವರು ಈಶ್ವರಿ ಬಳ್ಳಿ ಹಾಕಿ. ಕೆಂಪು ಮೈ, ಕಪ್ಪು ರೆಕ್ಕೆಯ ಒಂದು ಜಾತಿಯ ಚಿಟ್ಟೆ ಮೊಟ್ಟೆ ಇಡುವುದು ಅದರ ಮೇಲೆ, ಅದರ ಮರಿ ತಿನ್ನುವುದು ಅದೇ ಎಲೆ. ಬಳ್ಳಿ ಹೋದರೆ ಆ ಚಿಟ್ಟೆಯೂ ಹೋಯಿತು. ಆದರೆ ದಯವಿಟ್ಟು ಯಾರೂ ಅದರ ಬೇರು ಅರೆದು ಕುಡಿಯಬೇಡಿ. ಹಾವು ಕಚ್ಚಿದರೆ ಈಶ್ವರಿ ಬೇರು ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಅದರಲ್ಲಿರುವ ಅಂಶ ಮೂತ್ರಪಿಂಡ ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ. ಹಾವು ಕಚ್ಚಿದರೆ ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ವಿಷಕ್ಕೆ ಮದ್ದು ಅಲ್ಲಿದೆ.

‘ಒಂದು ಬಳ್ಳಿಯಿಂದ ಏನಾಗ್ತೈತಿ?’ ಎಂದು ಕೇಳುವವರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಹೋಗಿ ಬನ್ನಿ. ಅದೂ ಒಂದು ಊರಿನ ನೀರಾವರಿ ಕೆರೆಯೇ. ಕೆರೆಯೊಳಗಿನ ಜಾಲಿ ಮರಗಳನ್ನು ಉಳಿಸಿಕೊಂಡದ್ದಕ್ಕೆ ಅಲ್ಲಿ ಸಾವಿರಾರು ಹಕ್ಕಿ ಸೇರುತ್ತವೆ. 2024ರ ಜನವರಿಯಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿ ಸೇರಿತು. ಹಕ್ಕಿಗಳನ್ನು ಯಾರೂ ತಂದು ಬಿಟ್ಟಿಲ್ಲ. ಇರಲು ಜಾಗ ಸಿಕ್ಕಿತು, ಬಂದವು.

ನಾನು ಕೇಳುವುದು ಇಷ್ಟೇ. ಹಳೆ ಬೇಲಿ ಇರುವವರು ಒಂದು ಮಗ್ಗುಲಾದರೂ ಉಳಿಸಿ. ತಂತಿ ಹಾಕಿದವರು ತಂತಿಗೇ ಬಳ್ಳಿ ಹಬ್ಬಿಸಿ. ಬದುವಿಗೆ ಕಳೆನಾಶಕ ಹೊಡೆಯಬೇಡಿ, ಬೆಳೆ ಹೂ ಬಿಟ್ಟಾಗ ಔಷಧಿ ಹೊಡೆಯಲೇಬೇಕಾದರೆ ಜೇನು ಗೂಡು ಸೇರಿದ ಮೇಲೆ ಸಂಜೆ ಹೊಡೆಯಿರಿ. ಗ್ರಾಮ ಪಂಚಾಯಿತಿಯವರು ಶಾಲೆ, ಅಂಗನವಾಡಿಯ ಕಾಂಪೌಂಡಿಗೆ ಬಣ್ಣ ಬಳಿಯುವಾಗ ಬುಡದಲ್ಲಿ ನಾಲ್ಕು ತೊಂಡೆ ಕಡ್ಡಿ ಊರಿಸಲಿ. ಖರ್ಚು ಏನೂ ಇಲ್ಲ.

ನಾನು ಕಳೆದ ಮುಂಗಾರಿನಲ್ಲಿ ತಂತಿಯುದ್ದಕ್ಕೂ ಹನ್ನೆರಡು ಕಡ್ಡಿ ಊರಿದೆ. ಏಳು ಚಿಗುರಿದವು, ಐದನ್ನು ಮೇಕೆ ತಿಂದವು. ಈ ವರ್ಷ ಮೊದಲ ಹಣ್ಣು ಕೆಂಪಾದ ದಿನ ಒಂದು ಜೋಡಿ ಪಿಕಳಾರ ತಂತಿಯ ಮೇಲೆ ಬಂದು ಕೂತವು. ಕೊಟ್ಟೂರಿನ ಗೆಳೆಯನಿಗೆ ಅದರ ವಿಡಿಯೊ ಕಳಿಸಿದೆ. ‘ನಂಗೂ ನಾಕು ಕಡ್ಡಿ ಇಟ್ಟಿರು, ಸೋಮವಾರ ಬರ್ತೀನಿ’ ಎಂದಿದ್ದಾನೆ.