ಕಿಟ್ ಹಂಚಿದರೆ ಸಾಲದು, ವಾರಕ್ಕೆ ಎರಡು ಗಂಟೆ ಕೊಡಿ

ನಮ್ಮ ಜಮಾಅತ್‌ಗಳಲ್ಲಿ ಸಮಾಜಸೇವೆ ಎಂದರೆ ಮೊದಲು ನೆನಪಾಗುವುದು ರಮದಾನ್ ಕಿಟ್, ರಕ್ತದಾನ ಶಿಬಿರ, ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಸನ್ಮಾನ. ಇವೆಲ್ಲ ಬೇಕು. ಆದರೆ ಒಂಬತ್ತನೇ ತರಗತಿಯಲ್ಲೇ ಶಾಲೆ ಬಿಟ್ಟ ಹುಡುಗನನ್ನು ಯಾವ ವೇದಿಕೆಗೂ ಯಾರೂ ಕರೆಯುವುದಿಲ್ಲ. ನಮ್ಮ ಸೇವೆ ಹೆಚ್ಚು ಬೇಕಿರುವುದು ಅವನಿಗೇ ಅಲ್ಲವೇ?

ಬಟ್ಟೆ ವ್ಯಾಪಾರಕ್ಕಾಗಿ ನಾನು ಕೊಲ್ಹಾಪುರ ಜಿಲ್ಲೆಗೆ ಹೋಗಿಬರುತ್ತೇನೆ. ಇಚಲಕರಂಜಿ ಪವರ್‌ಲೂಮ್‌ಗಳ ಊರು. ತಂದೆ ಹಾಸಿಗೆ ಹಿಡಿದರೆ, ನೂಲಿನ ದರ ಏರಿ ಮಗ್ಗ ನಿಂತರೆ, ದುಡಿಯುವ ಭಾರ ಮನೆಯ ಹಿರಿಯ ಮಗನ ಮೇಲೆ ಬೀಳುತ್ತದೆ. ಗಡಿಂಗ್ಲಜ್ ಕಡೆ ಹಲವರ ಮನೆಮಾತು ಕನ್ನಡ, ಶಾಲೆಯಲ್ಲಿ ಮರಾಠಿ. ಭಾಷೆ ಹಿಡಿಯಲು ತಡವಾದ ಮಗು ದಡ್ಡ ಎನಿಸಿಕೊಂಡು ಕೊನೆಯ ಬೆಂಚಿಗೆ ಸರಿಯುತ್ತದೆ.

ಹಿರಿಯರು ಮಾತನಾಡಿಸದ ಹುಡುಗನನ್ನು ಮೊಬೈಲ್ ಮಾತನಾಡಿಸುತ್ತದೆ. 2023ರ ಜೂನ್‌ನಲ್ಲಿ ಕೊಲ್ಹಾಪುರದಲ್ಲಿ ಕೆಲವರ ಸ್ಟೇಟಸ್ ನೆಪವಾಗಿ ಬಂದ್, ಕಲ್ಲು ತೂರಾಟ, ಲಾಠಿ ಪ್ರಹಾರ ನಡೆದು ಇಂಟರ್ನೆಟ್ ನಿಂತಿತು. ಪೊಲೀಸರ ಕೈಗೆ ಸಿಕ್ಕವರಲ್ಲಿ ಅಪ್ರಾಪ್ತರೂ ಇದ್ದರು. ಬಟನ್ ಒತ್ತುವ ಮೊದಲು, ಕಲ್ಲು ಎತ್ತುವ ಮೊದಲು, 'ಬೇಡ ಮೋನೆ' ಎನ್ನಲು ಆ ಮಕ್ಕಳ ಬಳಿ ಎಷ್ಟು ಹಿರಿಯರಿದ್ದರು?

ಇದೇ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಒಂದೊಂದು ಸಮುದಾಯದ ಮಕ್ಕಳಿಗೂ ಹಾಸ್ಟೆಲ್ ತೆರೆಯಲು ನೆರವಾದರು. 1906ರಲ್ಲಿ ಮುಸ್ಲಿಮರ ಶಿಕ್ಷಣ ಸಂಸ್ಥೆಗೆ ತಾವೇ ಅಧ್ಯಕ್ಷರಾದರು. ಹಾಸ್ಟೆಲ್ ಕೊಟ್ಟದ್ದು ಅನ್ನ ಮಾತ್ರವಲ್ಲ. ಓದಲು ಒಂದು ಜಾಗ, 'ಇವತ್ತು ಏನು ಓದಿದೆ?' ಎಂದು ಕೇಳುವ ಒಬ್ಬ ಹಿರಿಯ. ಊರಿನ ಗಲ್ಲಿಗಳಲ್ಲಿ ತಾಲೀಮುಗಳಿವೆ. ಅವುಗಳಲ್ಲಿ ಕೆಲವು ಫುಟ್‌ಬಾಲ್ ತಂಡಗಳನ್ನೂ ಕಟ್ಟಿವೆ. ಗಡಿಂಗ್ಲಜ್‌ನಲ್ಲೂ ಫುಟ್‌ಬಾಲ್ ಹುಚ್ಚು ಕಡಿಮೆಯಿಲ್ಲ. ಹುಡುಗರನ್ನು ಸಭಾಂಗಣಕ್ಕೆ ಕರೆದು ಉಪದೇಶ ಮಾಡುವ ಬದಲು, ಅವರು ಈಗಾಗಲೇ ಸೇರುವ ಮೈದಾನಕ್ಕೆ ನಾವೇ ಹೋಗಬೇಕು.

ಹೋಗಿ ಮಾಡುವುದೇನು? ಮಹಾರಾಷ್ಟ್ರದಲ್ಲಿ ಶಾಲೆ ಬಿಟ್ಟವರು 17 ನಂಬರ್ ಫಾರ್ಮ್ ತುಂಬಿ ಖಾಸಗಿಯಾಗಿ ಹತ್ತನೇ ತರಗತಿ ಪರೀಕ್ಷೆ ಬರೆಯಬಹುದು. ಹಳೆಯ ಶಾಲೆಯಿಂದ ದಾಖಲೆ ತರಲು ಜೊತೆಗೆ ಹೋಗುವುದು, ಲೆಕ್ಕ ಹೇಳಿಕೊಡುವುದು, ಮನೆಯವರನ್ನು ಒಪ್ಪಿಸುವುದು ದೊಡ್ಡ ಹಣದ ಕೆಲಸವಲ್ಲ. ಹೆಣ್ಣುಮಕ್ಕಳಿಗಾಗಿ ನಮ್ಮ ಕಲಿತ ಸಹೋದರಿಯರು ಮುಂದೆ ಬರಬೇಕು. ಎಲ್ಲವೂ ತಂದೆತಾಯಿಗೆ ತಿಳಿದಿರಲಿ, ಭೇಟಿ ನಾಲ್ಕು ಜನರ ಎದುರಿಗಿರಲಿ.

ಒಂದು ಷರತ್ತು: ಅದೇ ವ್ಯಕ್ತಿ, ಅದೇ ವಾರ, ಅದೇ ಹೊತ್ತು, ಕನಿಷ್ಠ ಒಂದು ವರ್ಷ. ಮೂರು ವಾರ ಬಂದು ಕಾಣೆಯಾಗುವವರನ್ನು ಈ ಮಕ್ಕಳು ಬೇಕಾದಷ್ಟು ನೋಡಿದ್ದಾರೆ. ಫೋಟೊ ತೆಗೆದು ಗ್ರೂಪಿಗೆ ಹಾಕುವುದೂ ಬೇಡ.

ಈ ಮಾತು ಗಡಿಯಾಚೆಗಷ್ಟೇ ಅಲ್ಲ, ಉಳ್ಳಾಲಕ್ಕೂ ಸುರತ್ಕಲ್‌ಗೂ ಸಲ್ಲುತ್ತದೆ. ಮುಂದಿನ ಮಹಾಸಭೆಯಲ್ಲಿ ಲೆಕ್ಕಪತ್ರ ಓದಿದ ಮೇಲೆ ಒಂದು ಪ್ರಶ್ನೆ ಕೇಳಿ: ನಮ್ಮ ಮೊಹಲ್ಲಾದಲ್ಲಿ ಶಾಲೆ ಬಿಟ್ಟ ಮಕ್ಕಳೆಷ್ಟು, ಅವರ ಹೆಸರು ನಮ್ಮಲ್ಲಿ ಯಾರಿಗೆ ಗೊತ್ತು?