ಪಾಚಿಯು ಹಿಡಿದ ವಿಷ

ಕೆರೆಯ ಮೆಟ್ಟಿಲ ಮೇಲೆ ಕಾಲು ಜಾರಿಸುವ ಪಾಚಿಯನ್ನು ಬಯ್ಯದವರು ವಿರಳ. ಆದರೆ ಕಾರ್ಖಾನೆಗಳ ಹೊಲಸು ನೀರಿನಿಂದ ಸೀಸ, ತಾಮ್ರ, ಕ್ಯಾಡ್ಮಿಯಂ ಮೊದಲಾದ ಲೋಹಗಳನ್ನು ಸೆಳೆದುಕೊಳ್ಳುವ ಶಕ್ತಿಯು ಈ ಪಾಚಿಗೆ ಉಂಟೆಂದು ಶಾಸ್ತ್ರಜ್ಞರು ಕಂಡುಕೊಂಡಿರುವರು. ಹಾಗಾದರೆ ಮನೆಯ ತೊಟ್ಟಿಯ ನೀರು ಹಸುರಾಗುವುದು ಒಳ್ಳೆಯದೇ ಅಲ್ಲವೆ ಎಂದು ವಾಚಕರು ಕೇಳಬಹುದು. ಉತ್ತರ ಹೇಳುವ ಮೊದಲು ಪಾಚಿಯು ಲೋಹವನ್ನು ಹಿಡಿಯುವ ಬಗೆಯನ್ನು ತಿಳಿಯುವುದು ಅವಶ್ಯಕ.

ನೀರಿನಲ್ಲಿ ಕರಗಿದ ಸೀಸವು ಕಣ್ಣಿಗೆ ಕಾಣದು; ಬಟ್ಟೆಯಲ್ಲಿ ಸೋಸಿದರೆ ನಿಲ್ಲದು; ಕುದಿಸಿದರೂ ಹೋಗದು. ಅದರ ಒಂದೊಂದು ಕಣವೂ ಧನವಿದ್ಯುತ್ತನ್ನು ಹೊತ್ತು ಸಂಚರಿಸುವುದು. ಪಾಚಿಯ ಜೀವಕೋಶದ ಹೊರಗೋಡೆಯಲ್ಲಾದರೋ ಋಣವಿದ್ಯುತ್ತುಳ್ಳ ಆಮ್ಲದ್ರವ್ಯಗಳು ಹೇರಳವಾಗಿವೆ. ಸಮುದ್ರದ ಕಂದುಪಾಚಿಗಳಲ್ಲಿರುವ ಇಂತಹ ದ್ರವ್ಯಕ್ಕೆ ಆಲ್ಜಿನಿಕ್ ಆಮ್ಲವೆಂದು ಹೆಸರು. ಅಲ್ಲಿ ಮೊದಲೇ ಸುಣ್ಣದ ಅಂಶವಾದ ಕ್ಯಾಲ್ಸಿಯಂ ನೆಲೆಸಿರುತ್ತದೆ. ಸೀಸವು ಬಂದಿತೆಂದರೆ ಕ್ಯಾಲ್ಸಿಯಂ ಎದ್ದು ನೀರಿಗಿಳಿಯುವುದು, ಸೀಸವು ಆ ಸ್ಥಳದಲ್ಲಿ ಬಿಗಿಯಾಗಿ ಕೂರುವುದು. ಅನೇಕ ಬ್ಯಾಕ್ಟೀರಿಯಗಳ ಗೋಡೆಗಳೂ ಲೋಹವನ್ನು ಹೀಗೆಯೇ ಹಿಡಿಯುತ್ತವೆ.

ಸೋಜಿಗವೇನೆಂದರೆ, ಈ ಕೆಲಸಕ್ಕೆ ಪಾಚಿಯು ಬದುಕಿರಬೇಕೆಂಬುದೇ ಇಲ್ಲ. ಒಣಗಿಸಿ ಪುಡಿಮಾಡಿದರೂ ಗೋಡೆಯ ಗುಣವು ಉಳಿದಿರುತ್ತದೆ. ಕೆನಡಾ ದೇಶದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ವೊಲೆಸ್ಕಿ ಎಂಬ ವಿದ್ವಾಂಸರು 1980ರ ಮತ್ತು 1990ರ ದಶಕಗಳಲ್ಲಿ ಇದನ್ನು ವಿಸ್ತಾರವಾಗಿ ಪರೀಕ್ಷಿಸಿದರು. ಪ್ರಯೋಗಶಾಲೆಯಲ್ಲಿ ಸರ್ಗಾಸಮ್ ಎಂಬ ಕಂದುಪಾಚಿಯ ಒಂದು ಗ್ರಾಂ ಪುಡಿಯು ಸುಮಾರು 200 ಮಿಲಿಗ್ರಾಂ ಸೀಸವನ್ನು ಹಿಡಿಯಬಲ್ಲದು. ಬಳಿಕ ಆ ಪುಡಿಯನ್ನು ಆಮ್ಲದಲ್ಲಿ ತೊಳೆದರೆ ಲೋಹವು ಬಿಟ್ಟುಬರುತ್ತದೆ. ಹುಣಿಸೇಹಣ್ಣಿನ ಹುಳಿಗೆ ತಾಮ್ರದ ಬಿಂದಿಗೆಯ ಕಿಲುಬು ಬಿಡುವುದನ್ನು ಕಂಡ ಗೃಹಿಣಿಯರಿಗೆ ಇದು ಆಶ್ಚರ್ಯವಾಗಲಾರದು.

ನಮ್ಮ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಪಾಚಿಯು ವಿಷವನ್ನು ಹಿಡಿಯುತ್ತದೆಯೇ ಹೊರತು ನಾಶಮಾಡುವುದಿಲ್ಲ. ಸೀಸವು ಮೂಲವಸ್ತು, ಅದನ್ನು ಕೊಳೆಯಿಸಿ ಇಲ್ಲದಂತೆ ಮಾಡುವ ಜೀವಿಯು ಯಾವುದೂ ಇಲ್ಲ. ಲೋಹವನ್ನು ಹೊತ್ತ ಪಾಚಿಯನ್ನು ಮನುಷ್ಯನು ಹೊರಕ್ಕೆ ತೆಗೆಯದಿದ್ದರೆ ಅದು ಸತ್ತು ಕೊಳೆತು, ಹಿಡಿದದ್ದನ್ನು ಕೆಸರಿಗೂ ನೀರಿಗೂ ಒಪ್ಪಿಸುವುದು. ಇಲ್ಲವೇ ಮೀನುಗಳ ಹೊಟ್ಟೆಯನ್ನು ಸೇರುವುದು. ಜಪಾನಿನ ಮಿನಮಾಟ ಕೊಲ್ಲಿಗೆ ಒಂದು ರಾಸಾಯನಿಕ ಕಾರ್ಖಾನೆಯು ಪಾದರಸದ ವಿಷವನ್ನು ಬಿಡುತ್ತಿದ್ದಿತು. ನೀರಿನಲ್ಲಿ ಅತ್ಯಲ್ಪವಾಗಿದ್ದ ಆ ವಿಷವು ತೇಲುಪಾಚಿಯಿಂದ ಸಣ್ಣ ಪ್ರಾಣಿಗಳಿಗೂ ಅವುಗಳಿಂದ ಮೀನುಗಳಿಗೂ ಏರುತ್ತ, ಹಂತ ಹಂತಕ್ಕೂ ಸಾಂದ್ರವಾಯಿತು. ಮೀನು ತಿಂದ ಬೆಕ್ಕುಗಳು ಮೊದಲು ಹುಚ್ಚೆದ್ದು ಕುಣಿದು ಸತ್ತವು. 1956ರಲ್ಲಿ ಮನುಷ್ಯರ ರೋಗವು ಬೆಳಕಿಗೆ ಬಂದಿತು. ಆದರೂ ವಿಷಜಲವು ನಿಂತದ್ದು 1968ರಲ್ಲಿ. ತಾಯಂದಿರ ಗರ್ಭದಲ್ಲಿದ್ದ ಶಿಶುಗಳು ಸಹ ಪಾರಾಗಲಿಲ್ಲ.

ಆದಕಾರಣ ಪಾಚಿಯ ಉಪಯೋಗವು ಕಾರ್ಖಾನೆಯ ಕೊಳವೆಯ ಬಾಯಿಯಲ್ಲಿ, ಬಲ್ಲವರ ಉಸ್ತುವಾರಿಯಲ್ಲಿ. ಕುಡಿಯುವ ನೀರಿನ ತೊಟ್ಟಿಯಲ್ಲಿ ಅದಕ್ಕೆ ಸ್ಥಳವಿಲ್ಲ. ನೀಲಿಹಸುರು ಜಾತಿಯ ಕೆಲವು ಪಾಚಿಗಳು ತಾವೇ ವಿಷವನ್ನು ಉತ್ಪತ್ತಿಮಾಡುತ್ತವೆ. ಆ ವಿಷವು ನೀರನ್ನು ಕುದಿಸಿದರೂ ನಾಶವಾಗದು. ತೊಟ್ಟಿಯನ್ನು ಉಜ್ಜಿ ತೊಳೆದು, ಬೆಳಕು ಬೀಳದಂತೆ ಮುಚ್ಚಳವಿಟ್ಟರೆ ಪಾಚಿಯು ಬೆಳೆಯಲಾರದು.