ಹೊಸಬರನ್ನೂ ಆಡಿಸ್ರಿ

ಗೆಳೆಯರೇ, ಫುಟ್ಬಾಲ್ ಆಟಗಾರ ಸುನಿಲ್ ಛೆಟ್ರಿ ನಿಮಗೆಲ್ಲ ಗೊತ್ತು. ಅವರ ತಂದೆ-ತಾಯಿ ನೇಪಾಳಿ ಮೂಲದವರು. ತಂದೆ ನಮ್ಮ ಸೈನ್ಯದಲ್ಲಿದ್ದರು. ತಾಯಿಯೂ ಫುಟ್ಬಾಲ್ ಆಡಿದವರಂತೆ, ಇದು ನನಗೆ ಬಹಳ ಸೇರಿತು! ಮಗ ಹುಟ್ಟಿದ್ದು 1984ರಲ್ಲಿ, ಸಿಕಂದರಾಬಾದಿನಲ್ಲಿ. ಆಮೇಲೆ ಗ್ಯಾಂಗ್ಟಕ್, ಡಾರ್ಜಿಲಿಂಗ್, ಕೋಲ್ಕತ್ತಾ, ದಿಲ್ಲಿ ಅಂತ ಊರೂರು ಶಾಲೆ. ಪ್ರತಿ ಶಾಲೆಯಲ್ಲೂ ಅವರು ಹೊಸ ಹುಡುಗನೇ.

ದೊಡ್ಡವರಾದ ಮೇಲೂ ಹಂಗೇ. 2010ರಲ್ಲಿ ಅಮೆರಿಕಕ್ಕೆ, 2012ರಲ್ಲಿ ಪೋರ್ಚುಗಲ್ಲಿಗೆ ಹೋದರು. ಅಲ್ಲಿ ಹೆಚ್ಚು ಆಡಾಕ ಸಿಗಲಿಲ್ಲ. 2013ರಲ್ಲಿ ಬೆಂಗಳೂರು ಎಫ್.ಸಿ. ತಂಡ ಹುಟ್ಟಿದಾಗ ಇವರನ್ನೇ ನಾಯಕರನ್ನಾಗಿ ಮಾಡಿದರು. ಮೊದಲ ಸಲವೇ ಐ-ಲೀಗ್ ಗೆದ್ದರು. 2023ರ ಜೂನ್‌ನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತ ಪಾಕಿಸ್ತಾನವನ್ನು 4-0ಯಿಂದ ಸೋಲಿಸಿತು. ಅದರಲ್ಲಿ ಮೂರು ಗೋಲು ಇವರವು. ಆವತ್ತು ಕುಣಿದ ಜನ ಇವರ ಮೂಲ ಯಾವ ಊರು ಅಂತ ಕೇಳಿದರೇನು?

ನಮ್ಮ ಮಾಸೂರಿಗೂ ಕೂಲಿಗೆ ಬಂದವರ ಮಕ್ಕಳು ನಮ್ಮ ಜೊತೆ ಓದುತ್ತಾರೆ. ಆಟದ ಪಿರೇಡಿನಾಗ ಕೆಲವರು ಅವರನ್ನ ಚೆಂಡು ತರಾಕ ಅಷ್ಟೇ ಕರೀತಾರ. "ನಾಕು ತಿಂಗಳಿದ್ದು ಹೋಗೋರು ಬಿಡಲೇ" ಅಂತಾರ. ಹೋಗೋರಾದ್ರ ನಾಕು ತಿಂಗಳು ಆಡಬಾರದಾ? ನಮ್ಮ ಕಡೆಯವರೂ ದುಡಿಯಾಕ ಗೋವಾ, ಮಂಗಳೂರಿಗೆ ಹೋಗ್ಯಾರ. ಅಲ್ಲಿ ಅವರ ಮಕ್ಕಳು ಗೆರೆ ಆಚೆ ನಿಂತು ನೋಡ್ತಿದ್ರ ನಮಗ ಹೆಂಗ ಅನ್ನಿಸ್ತೈತಿ?

ಪಿ.ಟಿ. ಗುರುಗಳಲ್ಲಿ ನನ್ನದೊಂದು ವಿನಂತಿ. ಈ ಸಲ ಕಬಡ್ಡಿ, ಖೋಖೋ ತಂಡ ಆರಿಸುವ ಮೊದಲು ಹೊಸಬರನ್ನೂ ಒಂದು ದಿನ ಆಡಿಸಿ ನೋಡ್ರಿ. ಅವರಲ್ಲಿ ಇಬ್ಬರು ನನಗಿಂತ ಜೋರು ಓಡ್ತಾರ.